ಸುಮಾರಾಗಿ ಆಡುವವರ ಜಾತ್ರೆ

ಯಾವ ಆಟವನ್ನೇ ತೆಗೆದುಕೊಳ್ಳಿ, ಚೆನ್ನಾಗಿ ಆಡುವವರಿಗೆ ಈ ಜಗತ್ತಿನಲ್ಲಿ ಎಲ್ಲ ಸೌಕರ್ಯವೂ ಇದೆ. ಕ್ರೀಡಾಂಗಣ, ಕೋಚು, ಟೀವಿ, ಅದೃಷ್ಟವಿದ್ದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಒಂದು ನೌಕರಿ. ಆಡಲು ಬಾರದವರಿಗೂ ತೊಂದರೆಯಿಲ್ಲ. ಸೋಫಾದ ಮೇಲೆ ಕಾಲು ಚಾಚಿಕೊಂಡು ಚೆನ್ನಾಗಿ ಆಡುವವರನ್ನು ಬೈಯುತ್ತ ಆರಾಮಾಗಿರುತ್ತಾರೆ. ಪಾಡೆಲ್ಲ ನಡುವಿನವರದ್ದು. ಕಾಲೇಜು ತಂಡದಲ್ಲಿ ಹೆಸರಿಗೆ ಇದ್ದು ಬೆಂಚು ಕಾದವರು, ಭಾನುವಾರ ಬಂತೆಂದರೆ ಈಗಲೂ ಹಳೆಯ ಶೂ ಹುಡುಕುವವರು, ಆಟ ಗೊತ್ತಿದೆ ಆದರೆ ಮಂಡಿ ಮಾತು ಕೇಳುತ್ತಿಲ್ಲ ಎನ್ನುವವರು. ಇಂಥ ಸುಮಾರಿನ ಮಂದಿಗೆ ಮೈದಾನ ಯಾರು ಕೊಡುತ್ತಾರೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕ್ಯಾನ್ ಎಂಬ ಊರು ಕೊಡುತ್ತದೆ. ಜೂನ್ ತಿಂಗಳ ಕೊನೆಯ ಶನಿವಾರ, ಭಾನುವಾರ ಅಲ್ಲಿನ ಪೇಟೆಬೀದಿಗಳನ್ನೆಲ್ಲ ಮುಚ್ಚಿ ‘ಹೂಪ್‌ಫೆಸ್ಟ್’ ನಡೆಸುತ್ತಾರೆ. 1990ರಲ್ಲಿ ಶುರುವಾದ ಈ ಬೀದಿ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಭರ್ತಿ ವರ್ಷಗಳಲ್ಲಿ ಆರು ಸಾವಿರಕ್ಕೂ ಮೀರಿ ತಂಡಗಳು ಬಂದಿವೆ. ನಲವತ್ತಕ್ಕೂ ಹೆಚ್ಚು ಬೀದಿ ತುಂಡುಗಳಲ್ಲಿ ನಾನೂರೈವತ್ತರ ಹತ್ತಿರ ಕೋರ್ಟುಗಳು. ಮೂವರ ಆಟ, ಬದಲಿಗೆ ಒಬ್ಬ. ತಂಡಕ್ಕೆ ನಾಲ್ವರೆಂದರೂ ಇಪ್ಪತ್ತನಾಲ್ಕು ಸಾವಿರ ಜನ ಆಡುತ್ತಾರೆ. ಊರೇನು ಮಹಾ ದೊಡ್ಡದಲ್ಲ. 2020ರ ಜನಗಣತಿಯಲ್ಲಿ ಎರಡು ಲಕ್ಷ ಇಪ್ಪತ್ತೊಂಬತ್ತು ಸಾವಿರ, ನಮ್ಮ ಶಿವಮೊಗ್ಗಕ್ಕಿಂತ ಕಡಿಮೆ.

ರಸ್ತೆ ಮುಚ್ಚುವುದರಲ್ಲಿ ನಾವೇನೂ ಹಿಂದಿಲ್ಲ. ಗಣೇಶನ ಪೆಂಡಾಲಿಗೆ ಮುಚ್ಚುತ್ತೇವೆ, ಮದುವೆಯ ಶಾಮಿಯಾನಕ್ಕೆ ಮುಚ್ಚುತ್ತೇವೆ, ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಮುಚ್ಚುತ್ತೇವೆ. ಪೈಪು ಹೂಳುವುದಕ್ಕೆ ಮುಚ್ಚಿದ್ದನ್ನು ತೆಗೆಯುವುದೇ ಇಲ್ಲ. ಆಟಕ್ಕೆ ಮಾತ್ರ ರಸ್ತೆ ಸಿಗುವುದಿಲ್ಲ. ನಮ್ಮ ಹುಡುಗರ ಕ್ರಿಕೆಟ್ಟು ಒಂದು ಕಾರಿಗೂ ಇನ್ನೊಂದು ಕಾರಿಗೂ ನಡುವೆ ಸಿಕ್ಕ ಪುರಸೊತ್ತಿನಲ್ಲಿ ನಡೆಯಬೇಕು. “ಗಾಡಿ ಬಂತು” ಎಂದರೆ ಬ್ಯಾಟ್ಸ್‌ಮನ್ನು ವಿಕೆಟ್ ಸಮೇತ ಪಕ್ಕಕ್ಕೆ ಸರಿಯುತ್ತಾನೆ.

ಸಿಯಾಟಲ್‌ನಲ್ಲಿರುವ ನನ್ನ ಸೋದರಳಿಯ ಗೆಳೆಯರ ಜೊತೆ ಒಂದು ತಂಡ ಕಟ್ಟಿಕೊಂಡು ಅಲ್ಲಿಗೆ ಹೊರಟಾಗ ನಾನೂ ಕಾರು ಹತ್ತಿದೆ. ನೀರು, ಬಾಳೆಹಣ್ಣು, ಎಲ್ಲರ ಮೊಬೈಲು ಕಾಯುವುದು ನನ್ನ ಕೆಲಸ. ನಾನೂರೈವತ್ತು ಕಿಲೋಮೀಟರು ದಾರಿ. ಕ್ಯಾಸ್ಕೇಡ್ ಬೆಟ್ಟ ದಾಟುವವರೆಗೆ ಹಸಿರು, ಆಮೇಲೆ ನಮ್ಮ ಚಿತ್ರದುರ್ಗದ ಕಡೆಯಂಥ ಒಣ ಬಯಲು. ಶುಕ್ರವಾರ ಸಂಜೆ ನಾವು ತಲುಪಿದಾಗ ಸ್ವಯಂಸೇವಕರು ಕಂಬ ನಿಲ್ಲಿಸುತ್ತಿದ್ದರು, ಇನ್ನು ಕೆಲವರು ಮಂಡಿಯೂರಿ ಡಾಂಬರಿನ ಮೇಲೆ ಟೇಪು ಅಂಟಿಸಿ ಗೆರೆ ಎಳೆಯುತ್ತಿದ್ದರು. ಒಂದು ಕೋರ್ಟಿನ ಗೆರೆ ಮ್ಯಾನ್‌ಹೋಲ್ ಮುಚ್ಚಳದ ಮೇಲೆಯೇ ಹಾದುಹೋಗಿತ್ತು. ಒಬ್ಬಾತ ಬುಟ್ಟಿಯ ಎತ್ತರ ಅಳೆದು ನೋಡಿ, ಸಮಾಧಾನವಾಗದೆ ಮತ್ತೆ ಅಳೆದ.

ಆ ಎತ್ತರ ಹತ್ತಡಿ. ಜಗತ್ತಿನಲ್ಲಿ ಎಲ್ಲಿ ಹೋದರೂ ಹತ್ತಡಿ. ಇದರ ಹಿಂದೆ ಏನೋ ವೈಜ್ಞಾನಿಕ ಲೆಕ್ಕಾಚಾರ ಇದ್ದೀತು ಎಂದುಕೊಂಡರೆ ಏನೂ ಇಲ್ಲ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರಿಗೆ ಒಂದು ತಲೆನೋವು ಗಂಟುಬಿತ್ತು. ಚಳಿಗಾಲದಲ್ಲಿ ಹೊರಗೆ ಹೋಗಲಾರದ ಪುಂಡ ವಿದ್ಯಾರ್ಥಿಗಳಿಗೆ ಒಳಗೇ ಒಂದು ಆಟ ಹುಡುಕಿಕೊಡಬೇಕು. ಆತ ಪೀಚ್ ಹಣ್ಣಿನ ಎರಡು ಬುಟ್ಟಿ ತರಿಸಿ ಜಿಮ್ನಾಸಿಯಂನ ಬಾಲ್ಕನಿ ಕಟಕಟೆಗೆ ಹೊಡೆದ. ಕಟಕಟೆ ಹತ್ತಡಿ ಮೇಲಿತ್ತು. ಅಷ್ಟೇ ಕಥೆ. ಯಾವನೋ ಗಾರೆಯವನು ಬಾಲ್ಕನಿಯನ್ನು ಒಂದಡಿ ಕೆಳಗೆ ಕಟ್ಟಿದ್ದರೆ ನನ್ನಂಥ ಐದೂವರೆ ಅಡಿಯವರ ಹಣೆಬರಹ ಸ್ವಲ್ಪ ಬದಲಾಗುತ್ತಿತ್ತೇನೋ. ಬುಟ್ಟಿಗೆ ತಳ ಇದ್ದದ್ದರಿಂದ ಚೆಂಡು ಬಿದ್ದಾಗಲೆಲ್ಲ ಯಾರಾದರೂ ಮೇಲೆ ಹತ್ತಿ ತೆಗೆಯಬೇಕಿತ್ತು. ಪುಣ್ಯಕ್ಕೆ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು. ಮನೆಯೊಳಗೆ ಕೂಡಿಹಾಕಲು ಹುಟ್ಟಿಸಿದ ಆಟ ಕೊನೆಗೂ ಬಿಸಿಲಿಗೇ ಬಂದು ನಿಂತಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಬಿಸಿಲು ಎಂದರೆ ಸುಮ್ಮನೆ ಬಿಸಿಲಲ್ಲ. 2021ರ ಜೂನ್ ಕೊನೆಯಲ್ಲಿ ಆ ಊರು ನಲವತ್ತಮೂರು ಡಿಗ್ರಿಯ ಹತ್ತಿರ ಕಾದು ತನ್ನ ದಾಖಲೆ ತಾನೇ ಮುರಿಯಿತು. ಕೋವಿಡ್ ಕಾರಣ ಆ ವರ್ಷ ಆಟ ಇರಲಿಲ್ಲವಾಗಿ ಡಾಂಬರಿನ ಮೇಲೆ ಬೇಯುವುದು ತಪ್ಪಿತು.

ಇನ್ನು ಫಾರಮ್ಮಿನ ವಿಷಯ. ತಂಡ ನೋಂದಾಯಿಸುವಾಗ ಪ್ರತಿಯೊಬ್ಬನ ವಯಸ್ಸು, ಎತ್ತರ, ಹಿಂದೆ ಯಾವ ಮಟ್ಟದಲ್ಲಿ ಆಡಿದ್ದ ಎಂಬುದನ್ನೆಲ್ಲ ಬರೆಯಬೇಕು. ಅದನ್ನು ನೋಡಿಯೇ ಸರಿಸಮಾನರನ್ನು ಒಟ್ಟಿಗೆ ಹಾಕುತ್ತಾರೆ. ಪ್ರೈಮರಿ ಶಾಲೆಯ ಮಕ್ಕಳಿಗೆ ಅವರ ಓರಗೆಯವರು, ಹೊಟ್ಟೆ ಬಂದವರಿಗೆ ಹೊಟ್ಟೆ ಬಂದವರು. ನಿಜವಾಗಿ ಘಟಾನುಘಟಿಗಳಾದವರಿಗೆ ಬೇರೆ ವಿಭಾಗವಿದೆ. ಅದರಲ್ಲಿಯೂ ಆರಡಿ ಮೀರದವರಿಗೆ ಪ್ರತ್ಯೇಕ. ಇಡೀ ಹಬ್ಬದ ಜಾಣತನ ಇರುವುದು ಈ ವಿಂಗಡಣೆಯಲ್ಲೇ ಎನ್ನುವುದು ನನ್ನ ಅಭಿಪ್ರಾಯ. ಸೋತರೂ ತನ್ನಂಥವನ ಕೈಲೇ ಸೋಲುತ್ತಾನೆ. ಬಹುಮಾನದ ಆಸೆಗೆ ಫಾರಮ್ಮಿನಲ್ಲಿ ತಗ್ಗಿಸಿ ಬರೆಯುವ ಕಿಲಾಡಿಗಳೂ ಇದ್ದಾರಂತೆ. ಸಂಬಂಧ ನೋಡುವಾಗ ಎತ್ತರ ಏರಿಸಿ ಹೇಳುವ ಲೋಕದಲ್ಲಿ ಇಳಿಸಿ ಹೇಳುವ ಜಾಗವೂ ಒಂದಿದೆ ಎಂದು ತಿಳಿದು ಸಂತೋಷವಾಯಿತು.

ಮಾಮೂಲಿ ವಿಭಾಗಗಳಲ್ಲಿ ಸೀಟಿ ಊದುವ ರೆಫರಿ ಇಲ್ಲ. ಫೌಲ್ ಆದರೆ ಆಡುವವರೇ ಹೇಳಬೇಕು. ಅಂಕ ಬರೆದುಕೊಂಡು ಜಗಳ ಬಿಡಿಸಲು ಕೋರ್ಟಿಗೊಬ್ಬರು ಮಾನಿಟರ್ ಇರುತ್ತಾರೆ. ನಮ್ಮ ಕೋರ್ಟಿನಲ್ಲಿ ಮೂಗಿಗೆ ಬಿಳಿ ಕ್ರೀಮು ಬಳಿದುಕೊಂಡ ಕಾಲೇಜು ಹುಡುಗಿ. ನಮಗಿಂತ ಮೊದಲಿನ ಪಂದ್ಯದಲ್ಲಿ ಐವತ್ತರ ಆಸುಪಾಸಿನ ಇಬ್ಬರು ಮೊಣಕೈ ತಗುಲಿತೇ ಇಲ್ಲವೇ ಎಂದು ಹಿಡಿದ ಜಗಳ ಬಿಡಲೊಲ್ಲರು. ಒಬ್ಬ ಮೊಣಕೈ ತೋರಿಸುತ್ತಾನೆ, ಇನ್ನೊಬ್ಬ ಪಕ್ಕೆಲುಬು ತೋರಿಸುತ್ತಾನೆ. ಆ ಹುಡುಗಿ ಇಬ್ಬರನ್ನೂ ಪೂರ್ತಿ ಮಾತಾಡಲು ಬಿಟ್ಟು, ಚೆಂಡನ್ನು ಪಕ್ಕೆಲುಬಿನವನ ಕೈಗಿಟ್ಟು ತನ್ನ ಕುರ್ಚಿಗೆ ಹೋಗಿ ಕೂತಳು. ಮೊಣಕೈಯವನ ಹೆಂಡತಿಯೇ ಚಪ್ಪಾಳೆ ತಟ್ಟಿದರು.

“ಮಾವ, ಇದೇ ಮೂವರ ಆಟ ಒಲಿಂಪಿಕ್ಸಿಗೂ ಹೋಗಿದೆ ಗೊತ್ತಾ?” ಎಂದ ಅಳಿಯ.

ಗೊತ್ತು. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಿಂದ ಅದೂ ಪದಕದ ಆಟ. 2024ರಲ್ಲಿ ಪ್ಯಾರಿಸ್‌ನಲ್ಲಿ ನೆದರ್ಲೆಂಡ್ಸ್ ತಂಡ ಆತಿಥೇಯ ಫ್ರಾನ್ಸನ್ನು ಕೊನೆಯ ಹೊಡೆತದಲ್ಲಿ ಮಣಿಸಿ ಚಿನ್ನ ಒಯ್ದದ್ದು ರೋಮಾಂಚಕವೇ. ಆದರೆ ಅಲ್ಲಿ ಹನ್ನೆರಡು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು. ಪಕ್ಕೆಲುಬು ತೋರಿಸುವುದಕ್ಕೆ ಪುರಸೊತ್ತೆಲ್ಲಿ?

ಸ್ಪೋಕ್ಯಾನ್‌ಗೂ ಒಬ್ಬ ದೊಡ್ಡ ಮನುಷ್ಯ ಇದ್ದಾನೆ, ಜಾನ್ ಸ್ಟಾಕ್ಟನ್. ಅಲ್ಲೇ ಹುಟ್ಟಿ, ಅಲ್ಲಿನ ಗೊನ್ಜಾಗಾ ವಿಶ್ವವಿದ್ಯಾಲಯದಲ್ಲಿ ಆಡಿ, ಎನ್‌ಬಿಎಯ ಯೂಟಾ ಜಾಝ್ ಸೇರಿ 2003ರಲ್ಲಿ ನಿವೃತ್ತನಾದ. ಅವನ ಹೆಸರಲ್ಲಿರುವ ದಾಖಲೆ ಅಸಿಸ್ಟ್‌ಗಳದ್ದು, 15,806. ಅಂದರೆ ಅಷ್ಟು ಸಲ ಚೆಂಡನ್ನು ಇನ್ನೊಬ್ಬನ ಕೈಗೆ ಕೊಟ್ಟು ಅಂಕ ಮಾಡಿಸಿದ. ಇಷ್ಟು ವರ್ಷವಾದರೂ ಯಾರೂ ಅದರ ಹತ್ತಿರ ಸುಳಿದಿಲ್ಲ.

ಮಧ್ಯಾಹ್ನ ನದೀತೀರದ ಪಾರ್ಕಿಗೆ ಹೋದೆವು. 1974ರಲ್ಲಿ ಇಲ್ಲಿ ವಿಶ್ವಮೇಳ ನಡೆದಾಗ ಒಬ್ಬ ಸನ್ಯಾಸಿನಿ ಮಾಡಿದ ಉಕ್ಕಿನ ಆಡು ಅಲ್ಲಿ ನಿಂತಿದೆ. ಗುಂಡಿ ಒತ್ತಿ ಬಾಯಿಯ ಬಳಿ ಕಾಗದದ ಲೋಟ ಹಿಡಿದರೆ ಸೊರ್ರೆಂದು ಒಳಗೆ ಎಳೆದುಕೊಳ್ಳುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದವರು ಇದನ್ನು ನೋಡಬೇಕಿತ್ತು. ಕೋರ್ಟಿಗಿಂತ ಉದ್ದದ ಸಾಲು ಅದರ ಮುಂದಿತ್ತು, ನಾನೂ ನಿಂತೆ.

ನಮ್ಮ ತಂಡದ ನಾಲ್ಕನೆಯವನು ಧಾರವಾಡದ ಕಡೆಯ ಹುಡುಗ. ಸಂಕೋಚದ ಪ್ರಾಣಿ. “ನನ್ನ ಒಳಗ ಹಾಕಬ್ಯಾಡ್ರಿ, ನಾ ಇಲ್ಲೇ ಅರಾಮಿದ್ದೀನಿ” ಎಂದು ನನ್ನ ಪಕ್ಕ ಕೂತು ಬಾಳೆಹಣ್ಣು ಖಾಲಿ ಮಾಡುತ್ತಿದ್ದ. ಭಾನುವಾರ ಒಬ್ಬನ ಮೀನಖಂಡ ಹಿಡಿದುಕೊಂಡು ಇವನು ಎದ್ದೇ ಏಳಬೇಕಾಯಿತು. ಆಗಲೇ ಪಂದ್ಯ ಕೈಬಿಟ್ಟುಹೋಗಿತ್ತು. ಇಪ್ಪತ್ತು ಮುಟ್ಟಿದರೆ ಗೆಲುವು. ಎದುರಿನವರು ಹದಿನೆಂಟರಲ್ಲಿ, ನಾವು ಒಂಬತ್ತರಲ್ಲಿ. ಚೆಂಡು ಹೇಗೋ ಇವನ ಕೈಗೆ ಬಂತು, ಎದುರಿಗೆ ಒಬ್ಬನೂ ಇಲ್ಲ. “ಹೊಡಿಯೋ!” ಎಂದು ನಾನೂ ಕೂಗಿದೆ. ಅವನು ಬುಟ್ಟಿಯನ್ನೊಮ್ಮೆ ನೋಡಿ ಚೆಂಡನ್ನು ಅಳಿಯನ ಕಡೆ ತಳ್ಳಿದ. ಅಳಿಯ ಹಾಕಿದ. ಹತ್ತು. ಮುಂದಿನ ನಿಮಿಷದಲ್ಲೇ ಸೋತೆವು.

ಊಟಕ್ಕೆ ಕೂತಾಗ ನಮ್ಮ ಹತ್ತು ಅಂಕ ಯಾರ್‍ಯಾರದ್ದು ಎಂಬ ಚರ್ಚೆ ಎದ್ದಿತು. ಎಲ್ಲರೂ ತಮ್ಮ ತಮ್ಮ ಲೆಕ್ಕ ಹೇಳಿ ಒಟ್ಟು ಹದಿನಾಲ್ಕು ಮಾಡಿದರು. ಧಾರವಾಡದವನು ಎಲೆಕೋಸಿನ ಸಲಾಡು ಪಕ್ಕಕ್ಕೆ ಸರಿಸಿ, “ಕಡೀದು ಅವಂದ ಇರಲಿ. ಅಸಿಸ್ಟ್ ಮಾತ್ರ ನಂದು, ಎಲ್ಲ್ಯಾರ ಬರಕೊಳ್ರಿ” ಎಂದ.