ಬರೆದಿಟ್ಟ ಕಲ್ಲುಗಳು

ಬಳ್ಳಾರಿಯಿಂದ ಈಶಾನ್ಯಕ್ಕೆ ಕೆಲವೇ ಮೈಲಿ ನಡೆದರೆ ಸಂಗನಕಲ್ಲು, ಕುಪಗಲ್ಲುಗಳ ಬೆಟ್ಟಗಳು ಎದುರಾಗುವುವು. ಬಿಸಿಲಿಗೆ ಕಾದ ಬಂಡೆಗಳ ನಡುವೆ ಕರಿಯ ಕಲ್ಲಿನ ಪಟ್ಟೆಯೊಂದು ಬೆಟ್ಟವನ್ನು ಸೀಳಿಕೊಂಡು ಸಾಗಿರುವುದು. ಅದರ ಜಾಡು ಹಿಡಿದು ನಾವು ಏರಿದಂತೆಲ್ಲ ಕಾಲಡಿಯಲ್ಲಿ ಕಲ್ಲಿನ ಚಕ್ಕೆಗಳು. ಅರಿಯದವರಿಗೆ ಅವು ಬರಿಯ ಚೂರು. ಬಲ್ಲವರಿಗೆ, ನಾಲ್ಕು ಸಾವಿರ ವರುಷಗಳ ಹಿಂದೆ ಈ ಸೀಮೆಯ ದನಗಾಹಿಗಳು ಕೊಡಲಿಗಳನ್ನು ತಯಾರಿಸಿದ ಕಾರ್ಖಾನೆ.

ಇಂಥ ಕಲ್ಲುಗಳನ್ನು ಓದುವ ಬಗೆಯನ್ನು ಕಲಿಸಿದವರಲ್ಲಿ ಮೊದಲಿಗರು ರಾಬರ್ಟ್ ಬ್ರೂಸ್ ಫೂಟರು. ಭೂವಿಜ್ಞಾನ ಇಲಾಖೆಯ ಅಧಿಕಾರಿಗಳಾಗಿದ್ದ ಇವರಿಗೆ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವೊಂದು ದೊರೆಯಿತು. ಅಲ್ಲಿಂದ ಮುಂದೆ, ಇಲಾಖೆಯ ಕೆಲಸಕ್ಕಾಗಿ ಹೋದೆಡೆಯಲ್ಲೆಲ್ಲ ಇವರು ಇಂಥವನ್ನು ಅರಸುತ್ತ ಬಂದರು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೂ ಪರೀಕ್ಷಿಸಿದರು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವು ವಾಲಿಯ ಚಿತೆಯ ಬೂದಿಯೆಂದು ಜನರು ಹೇಳುವರು. ಫೂಟರಾದರೋ ಇಂಥ ದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೆಂದು ಅಭಿಪ್ರಾಯಪಟ್ಟರು. ಮುಂದೆ ನಡೆದ ಉತ್ಖನನಗಳು ಆ ಮಾತಿಗೆ ಬಲವಿತ್ತುವು.

ಅವರ ಸಂಗ್ರಹವನ್ನು 1904ರಲ್ಲಿ ಮದರಾಸು ಸರಕಾರವು ಕೊಂಡುಕೊಂಡಿತು. ಅದು ಸೇರಿದ್ದು ಎಗ್ಮೋರಿನ ವಸ್ತುಸಂಗ್ರಹಾಲಯವನ್ನು. ಕೂಡಿಡುವವರು ಹಲವರು, ಬರೆದಿಡುವವರು ಕೆಲವರು. ಫೂಟರು ಮುಪ್ಪಿನಲ್ಲಿಯೂ ಕುಳಿತು ಒಂದೊಂದು ವಸ್ತುವಿಗೂ ಅಂಕೆಯನ್ನು ಕೊಟ್ಟು, ಅದು ಯಾವ ಜಿಲ್ಲೆಯ ಯಾವ ಊರಿನಲ್ಲಿ ದೊರೆಯಿತೆಂಬುದನ್ನು ಪಟ್ಟಿಮಾಡಿದರು. 1912ರಲ್ಲಿ ಅವರು ತೀರಿಕೊಂಡರು. ಪಟ್ಟಿಯು ಅಚ್ಚಾದುದು 1914ರಲ್ಲಿ; ಅದರ ಟಿಪ್ಪಣಿಗಳ ಸಂಪುಟವು 1916ರಲ್ಲಿ. ತಮ್ಮ ದುಡಿಮೆಯ ಫಲವನ್ನು ಪುಸ್ತಕರೂಪದಲ್ಲಿ ಕಾಣುವ ಯೋಗವು ಅವರಿಗಿರಲಿಲ್ಲ.

ಈ ಪಟ್ಟಿಯಿಂದ ಏನು ಲಾಭವೆಂದು ವಾಚಕರು ಕೇಳಬಹುದು. ಊರಿನ ಹೆಸರನ್ನು ಅಳಿಸಿದೊಡನೆ ಪೆಟ್ಟಿಗೆಯೊಳಗಿನ ಕೊಡಲಿಯು ಮರಳಿ ಬರಿಯ ಕಲ್ಲಾಗುವುದು. ಹೆಸರಿದ್ದರೆ ಮಾತ್ರ ಅದು ಯಾವ ಬೆಟ್ಟದ ಕಲ್ಲು, ಎಷ್ಟು ದೂರ ಪಯಣಿಸಿತು, ಅದರ ನೆರೆಯಲ್ಲಿ ಏನಿತ್ತು ಎಂಬುದನ್ನು ವಿಚಾರಿಸಬಹುದು. ಬೆಟ್ಟವಾದರೂ ಶಾಶ್ವತವಲ್ಲ. ಕುಪಗಲ್ಲಿನಲ್ಲಿ ಕಲ್ಲುಗಣಿಯ ಸುತ್ತಿಗೆಯು ಪುರಾತನರು ಚಿತ್ರ ಕುಟ್ಟಿದ ಬಂಡೆಗಳವರೆಗೂ ಬಂದು, ಕೆಲವನ್ನು ನುಂಗಿತು. ಸ್ಥಳವೇ ಹೋದಮೇಲೆ ಉಳಿಯುವ ಸಾಕ್ಷಿಯು ಬರೆದಿಟ್ಟ ಒಂದು ಸಾಲು.

ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಹೆಸರಿಲ್ಲದ ಭಾವಚಿತ್ರಗಳು, ತಾರೀಖಿಲ್ಲದ ಕಾಗದಗಳು ಎಷ್ಟಿಲ್ಲ! ಅವುಗಳನ್ನು ಗುರುತಿಸಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಹೆಸರು, ಊರು, ವರುಷ ಎಂಬ ಮೂರನ್ನು ಕೇಳಿ ಬೆನ್ನಿನಮೇಲೆ ಬರೆದಿಡುವುದು ಲೇಸು. ಇದಕ್ಕೆ ಪಾಂಡಿತ್ಯವು ಬೇಡ. ಒಂದು ಪೆನ್ಸಿಲು, ಒಂದು ಸಂಜೆಯ ಬಿಡುವು ಸಾಕು.