ಚಿದ್ಕೀಯ ಬಿಟ್ಟು ಮತ್ತೆ ಹಿಡಿದುಕೊಂಡ ಜನ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಚಿಕ್ಕವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮುಂದಿನ ತಿಂಗಳು. ಮೂವತ್ತು ವರ್ಷದಿಂದ ಚರ್ಚಿಗೆ ಹೋಗೋಳು, ರಾತ್ರಿ ಸತ್ಯವೇದದ ಒಂದು ಅಧ್ಯಾಯ ಆಗದೆ ಮಲಗೋಳಲ್ಲ. ಈಗ ಓದಿ ಹೇಳೋ ಕೆಲಸ ನನ್ನ ಮೇಲೆ ಬಿದ್ದಿದೆ. ನಾನು ಧಮ್ಮ ದೀಕ್ಷೆ ತಗೊಂಡವನು. ಅದಕ್ಕೆ ಅವಳದೇನೂ ತಕರಾರಿಲ್ಲ, ಅವಳ ಪುಸ್ತಕದ ಮೇಲೆ ನನ್ನದೂ ಇಲ್ಲ. ಹೋದ ವಾರ ಯೆರೆಮೀಯನ ಪುಸ್ತಕದ 34ನೇ ಅಧ್ಯಾಯ ಬಂತು. ಅರ್ಧಕ್ಕೆ ನನ್ನ ದನಿ ನಿಂತೋಯ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಯೆಹೂದ ಅನ್ನೋ ಪುಟ್ಟ ರಾಜ್ಯದ ಕೊನೆಯ ಅರಸ ಚಿದ್ಕೀಯ. ಕ್ರಿಸ್ತಪೂರ್ವ 597ರಲ್ಲಿ ಅವನನ್ನ ಸಿಂಹಾಸನದ ಮೇಲೆ ಕೂರಿಸಿದ್ದೇ ಬಾಬೆಲಿನ ಅರಸ ನೆಬೂಕದ್ನೆಚ್ಚರ. ಆಗ ಅವನಿಗೆ 21 ವರ್ಷ. ನಿಮಗೆ ನಿಷ್ಠನಾಗಿರ್ತೀನಿ ಅಂತ ದೇವರ ಮೇಲೆ ಆಣೆ ಮಾಡಿದ್ದ. ಆಮೇಲೆ ಆಣೆ ಮುರಿದು ಈಜಿಪ್ಟಿನ ಕಡೆ ವಾಲಿದ. ಬಾಬೆಲಿನ ದಂಡು ಬಂದು ಜೆರುಸಲೇಮಿಗೆ ಮುತ್ತಿಗೆ ಹಾಕಿತು. ಉಳಿದಿದ್ದ ಕೋಟೆ ಊರುಗಳು ಲಾಕೀಷ್, ಅಜೇಕ ಎರಡೇ. (1935ರಲ್ಲಿ ಲಾಕೀಷ್ ಅಗೆದಾಗ ಮಡಕೆ ಚೂರಿನ ಮೇಲೆ ಬರೆದ ಕಾಗದಗಳು ಸಿಕ್ಕವು. ಅದರಲ್ಲೊಂದು ಈ ಎರಡೂ ಊರಿನ ಹೆಸರು ಹೇಳುತ್ತೆ.)

ಆಗ ಅರಸನಿಗೆ ಜೀತದವರ ನೆನಪಾಯ್ತು. ಸಾಲಕ್ಕೆ ಸಿಕ್ಕಿ ಜೀತಕ್ಕೆ ಬಿದ್ದ ತಮ್ಮ ಜನರನ್ನ ಏಳನೇ ವರ್ಷ ಬಿಡಬೇಕು, ಬರಿಗೈಲಿ ಕಳಿಸಬಾರದು, ಹಿಂಡಿನಿಂದಲೂ ಕಣದಿಂದಲೂ ಒಂದಿಷ್ಟು ಕೊಟ್ಟು ಕಳಿಸಬೇಕು ಅಂತ ಅವರಲ್ಲಿ ಹಳೇ ಕಾನೂನಿತ್ತು. ಪಾಲಿಸಿರಲಿಲ್ಲ. ಈಗ ಊರ ಬಾಗಿಲಲ್ಲಿ ಶತ್ರು ನಿಂತಾಗ ಅರಸ, ಅಧಿಕಾರಿಗಳು, ಪುರೋಹಿತರು, ಎಲ್ಲರೂ ದೇವಾಲಯದಲ್ಲಿ ಸೇರಿದರು. ಒಂದು ಕರುವನ್ನ ಎರಡು ಹೋಳು ಮಾಡಿ, ಹೋಳುಗಳ ನಡುವೆ ನಡೆದು ಒಪ್ಪಂದ ಮಾಡಿಕೊಂಡರು. ಮಾತಿಗೆ ತಪ್ಪಿದರೆ ನಮ್ಮ ಗತಿಯೂ ಈ ಕರುವಿನದೇ ಅಂತ ಅದರ ಅರ್ಥ. ಜೀತದ ಗಂಡಸರು ಹೆಂಗಸರು ಎಲ್ಲರನ್ನೂ ಬಿಟ್ಟರು. ನಿಜವಾಗಲೂ ಬಿಟ್ಟರು.

ಅಷ್ಟರಲ್ಲಿ ಈಜಿಪ್ಟಿನಿಂದ ಫರೋಹನ ಸೈನ್ಯ ಹೊರಟ ಸುದ್ದಿ ಬಂತು. ಬಾಬೆಲಿನವರು ಮುತ್ತಿಗೆ ತೆಗೆದು ಆ ಕಡೆ ತಿರುಗಿದರು. ಊರು ಉಸಿರಾಡಿತು. ಉಸಿರಾಡಿದ ಧಣಿಗಳು ಮಾಡಿದ ಕೆಲಸ ಏನು ಗೊತ್ತಾ? ಬಿಟ್ಟವರನ್ನ ಮತ್ತೆ ಹಿಡಿದು ತಂದು ಜೀತಕ್ಕೆ ಹಾಕಿಕೊಂಡರು.

ಚಿಕ್ಕವ್ವ ಎದ್ದು ಕೂತಳು. "ಅಲ್ಲ ಕಣಪ್ಪ, ಬುಟ್ಟೋರ್ನ ಮತ್ತೆ ಹಿಡ್ಕಂಡ್ರಾ? ನಿಮ್ಮಪ್ಪನ್ನ ಹಿಡ್ಕಂಡಂಗೆ?"

ಹೌದು, ನಮ್ಮಪ್ಪನ್ನ ಹಿಡ್ಕಂಡಂಗೆ. ಅಪ್ಪ ಒಂಬತ್ತನೇ ವಯಸ್ಸಿಗೆ ಜೀತಕ್ಕೆ ಹೋದವನು. ತಾತ ಮಾಡಿದ ಮದುವೆ ಸಾಲಕ್ಕೆ. 1975ರ ಅಕ್ಟೋಬರಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆ ಆಯ್ತು. ಎಮರ್ಜೆನ್ಸಿ ಕಾಲ. ಎಮರ್ಜೆನ್ಸಿಯನ್ನ ನಾನು ಹೊಗಳಲ್ಲ, ಅದು ಬೇರೆ ಚರ್ಚೆ. ಆದರೆ ನಮ್ಮೂರ ಧಣಿ ಜೈಲಿಗೆ ಹೆದರಿದ್ದು ಆವಾಗ ಮಾತ್ರ. ತಾನೇ ಅಪ್ಪನ್ನ ಕರೆದು, ಹೋಗ್ಲಾ, ನಿನ್ನ ಲೆಕ್ಕ ಚುಕ್ತಾ ಅಂದನಂತೆ. 1977ರ ಮಾರ್ಚಲ್ಲಿ ಎಮರ್ಜೆನ್ಸಿ ಹೋಯ್ತು. ಆ ಮುಂಗಾರಿಗೆ ಅಪ್ಪ ಮತ್ತೆ ಅದೇ ಕೊಟ್ಟಿಗೇಲಿ ಸಗಣಿ ಬಾಚ್ತಿದ್ದ. ಯಾರೂ ಹೊಡೆದು ಎಳಕೊಂಡು ಹೋಗಲಿಲ್ಲ. ಮನೇಲಿ ರಾಗಿ ಇರಲಿಲ್ಲ, ಅಷ್ಟೇ. ಬರಿಗೈಲಿ ಕಳಿಸಬಾರದು ಅಂತ ಆ ಹಳೇ ಕಾನೂನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ.

ನನ್ನ ದನಿ ನಿಂತಿದ್ದು ಮಾತ್ರ ಅಪ್ಪನ ನೆನಪಿಗಲ್ಲ. ಅದನ್ನ ಹೇಳೋಕೇ ಇವತ್ತು ಬರೆಯೋಕೆ ಕೂತಿದ್ದು.

2017ರಲ್ಲಿ ನಮ್ಮ ತಾಲೂಕಲ್ಲಿ ಒಂದು ಕುಟುಂಬವನ್ನ ತೆಂಗಿನ ತೋಟದ ಜೀತದಿಂದ ಬಿಡಿಸಿದ್ವಿ. ಗಂಡ, ಹೆಂಡತಿ, ಎರಡು ಮಕ್ಕಳು. ಮೂವತ್ತು ಸಾವಿರ ಮುಂಗಡ. ಎಸಿ ಬಂದು ಬಿಡುಗಡೆ ಪತ್ರ ಕೊಟ್ಟರು, ಫೋಟೊ ತೆಗೆಸಿಕೊಂಡ್ವಿ, ನನ್ನ ಇದೇ ವಾಲ್ ಮೇಲೆ ಹಾಕಿದ್ದೆ, ನೀವೆಲ್ಲ ಲೈಕ್ ಒತ್ತಿದ್ರಿ. ತಕ್ಷಣದ ಪರಿಹಾರ 20,000 ಬಂತು. ಉಳಿದ ದೊಡ್ಡ ಮೊತ್ತ ಸಿಗಬೇಕಾದರೆ ಕೋರ್ಟಲ್ಲಿ ಮಾಲೀಕನಿಗೆ ಶಿಕ್ಷೆ ಆಗಬೇಕು, ನಿಯಮ ಹಾಗಿತ್ತು. ದೂರುದಾರ ನಾನೇ. "ಹೆದರ್ಬೇಡಿ, ನಾವಿದ್ದೀವಿ" ಅಂದವನೂ ನಾನೇ.

2018ರ ವಿಧಾನಸಭಾ ಚುನಾವಣೆ ಹತ್ತಿರ ಬಂತು. ತೋಟದ ಮಾಲೀಕನ ಕಡೆಯವರು ನಾವು ಬೆಂಬಲಿಸ್ತಿದ್ದ ಕ್ಯಾಂಪಿಗೇ ಬಂದು ಸೇರಿಕೊಂಡರು. ಒಬ್ಬರು ಹಿರಿಯರು ಕರೆದು, ಸದ್ಯಕ್ಕೆ ಕೇಸು ಜಗ್ಗಬೇಡ, ಗೆದ್ದ ಮೇಲೆ ನೋಡೋಣ ಅಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ರಾತ್ರಿ ಹೊತ್ತಲ್ಲಿ ಆ ಗುಡಿಸಲಿಗೆ ಹೋಗಿ, ಸ್ವಲ್ಪ ತಡ್ಕಳಿ ಅಂದು ಬಂದೆ. ಸಮನ್ಸ್ ಎರಡು ಸಲ ಬಂತು, ಹೋಗಲಿಲ್ಲ. ಕೇಸು ಬಿದ್ದೋಯ್ತು.

ಚಿದ್ಕೀಯನೂ ಹೀಗೇ ಕತ್ತಲಲ್ಲಿ ಮಾತಾಡೋನು. ಯೆರೆಮೀಯನನ್ನ ಗುಟ್ಟಾಗಿ ಕರೆಸಿ, ದೇವರು ಏನಂತಾನೆ ಹೇಳು ಅಂತ ಕೇಳೋದು, ನಾವು ಮಾತಾಡಿದ್ದು ಯಾರಿಗೂ ಗೊತ್ತಾಗಬಾರದು ಅನ್ನೋದು. ಸತ್ಯ ಏನಂತ ಅವನಿಗೆ ಗೊತ್ತಿತ್ತು, ತನ್ನ ಅಧಿಕಾರಿಗಳ ಭಯ ಅದಕ್ಕಿಂತ ದೊಡ್ಡದಿತ್ತು. ಅವರು ಯೆರೆಮೀಯನನ್ನ ಕೊಲ್ಲಬೇಕು ಅಂದಾಗ, ಅವನು ನಿಮ್ಮ ಕೈಲಿದ್ದಾನೆ, ನಿಮ್ಮೆದುರು ಅರಸನದೇನೂ ನಡೆಯಲ್ಲ ಅಂದುಬಿಟ್ಟ. ಅವರು ಪ್ರವಾದಿಯನ್ನ ಹಗ್ಗದಲ್ಲಿ ಕೆಸರು ಬಾವಿಗೆ ಇಳಿಸಿದರು.

ಬಾವಿಯಿಂದ ಮೇಲೆತ್ತಿದವನು ಯಾರು? ಎಬೆದ್ಮೆಲೆಕ, ಕೂಷ್ ದೇಶದ ಕರಿಯ, ಅರಮನೆಯ ಆಳು. ಅವನು ಗುಟ್ಟಾಗಿ ಹೋಗಲಿಲ್ಲ. ಅರಸ ಊರ ಬಾಗಿಲಲ್ಲಿ ಕೂತಿದ್ದಾಗ ನೇರ ಹೋಗಿ, ಈ ಜನ ಮಾಡಿದ್ದು ಕೆಟ್ಟದ್ದು ಅಂದ. ಅರಸ ಇವನಿಗೂ ಆಯ್ತು ಅಂದ, ಆ ಮನುಷ್ಯ ಯಾರು ಕೇಳಿದರೂ ಆಯ್ತು ಅನ್ನೋನು. ಎಬೆದ್ಮೆಲೆಕ ಬರೀ ಹಗ್ಗ ತಗೊಂಡು ಹೋಗಲಿಲ್ಲ. ಉಗ್ರಾಣದಿಂದ ಹರಕು ಬಟ್ಟೆ, ಚಿಂದಿ ಹುಡುಕಿ ತಂದು ಬಾವಿಗೆ ಇಳಿಬಿಟ್ಟು, ಕಂಕುಳಿಗೆ ಇಟ್ಕೊಳ್ಳಿ, ಹಗ್ಗ ಒತ್ತಬಾರದು ಅಂದ. ಎಳೆಯುವಾಗ ಹಗ್ಗ ಎಲ್ಲಿ ಕೊಯ್ಯುತ್ತೆ ಅನ್ನೋದು ಅಂಥವನಿಗೇ ಗೊತ್ತಿರೋದು. ಬಿಡಿಸೋದು ಅಂದರೆ ಬಿಡುಗಡೆ ಪತ್ರ ಅಂದ್ಕೊಂಡಿದ್ದೆ ನಾನು. ಆ ಕುಟುಂಬಕ್ಕೆ ಮೊದಲ ಮೂರು ತಿಂಗಳ ರೇಷನ್ನಿಗೆ ಏನು ಮಾಡಿಕೊಂಡ್ರಿ ಅಂತ ನಾನು ಒಂದು ದಿನ ಕೇಳಿರಲಿಲ್ಲ.

ಮುಂದಿನ ಕಥೆ ಕ್ರೂರ. ಬಾಬೆಲಿನವರು ವಾಪಸ್ ಬಂದರು. ಕೋಟೆ ಬಿರುಕು ಬಿಟ್ಟ ರಾತ್ರಿ ಚಿದ್ಕೀಯ ಅರಮನೆ ತೋಟದ ದಾರೀಲಿ ಓಡಿಹೋದ, ಯೆರಿಕೋವಿನ ಬಯಲಲ್ಲಿ ಸಿಕ್ಕಿಬಿದ್ದ. ರಿಬ್ಲದಲ್ಲಿ ಅವನ ಕಣ್ಣೆದುರೇ ಅವನ ಮಕ್ಕಳನ್ನ ಕೊಂದು, ಆಮೇಲೆ ಕಣ್ಣು ಕಿತ್ತು, ಸರಪಳಿ ಹಾಕಿ ಬಾಬೆಲಿಗೆ ಎಳಕೊಂಡು ಹೋದರು. ಇದನ್ನ ದೇವರ ನ್ಯಾಯ ಅನ್ನೋಕೆ ನನಗೆ ಬಾಯಿ ಬರಲ್ಲ. ಆ ಊರಲ್ಲಿ ಬಿದ್ದ ಬರಗಾಲ ಧಣಿಗಳನ್ನಷ್ಟೇ ಆರಿಸಿಕೊಂಡು ಕೊಂದಿರಲ್ಲ, ಮೊದಲು ಸತ್ತಿರೋದು ಜೀತದವರೇ ಇರಬೇಕು. ಇದನ್ನ ಚಿಕ್ಕವ್ವನಿಗೆ ಹೇಳಿದೆ. ಅವಳು ಅದಕ್ಕೆ ಉತ್ತರ ಕೊಡದೆ ಬೇರೇನೇ ಕೇಳಿದಳು: "ರಾಜ ಹಾಳಾಗೋಗ್ಲಿ, ಆ ಜೀತದೋರು ಏನಾದ್ರು?"

ಹುಡುಕಿದೆ. ಅವರದೇ ಅಂತ ಕಥೆ ಎಲ್ಲೂ ಇಲ್ಲ. 39ನೇ ಅಧ್ಯಾಯದಲ್ಲಿ ಒಂದೇ ಒಂದು ವಚನ ಇದೆ. ಬಾಬೆಲಿನ ದಳಪತಿ ನೆಬೂಜರದಾನ ಊರು ಸುಟ್ಟು ಉಳಿದವರನ್ನ ಸೆರೆ ಒಯ್ಯುವಾಗ, ಏನೂ ಇಲ್ಲದ ಬಡವರನ್ನ ಅಲ್ಲೇ ಬಿಟ್ಟು ಅವರಿಗೆ ದ್ರಾಕ್ಷಿತೋಟ, ಹೊಲ ಕೊಟ್ಟನಂತೆ.

"ಹೊರಗ್ಲೋನು ಬಂದು ಕೊಡ್ಬೇಕಾಯ್ತಾ" ಅಂದಳು ಚಿಕ್ಕವ್ವ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಆ ಕುಟುಂಬ ಈಗ ಅದೇ ತೆಂಗಿನ ತೋಟದಲ್ಲಿದೆ. ದೊಡ್ಡ ಹುಡುಗ ಸ್ಕೂಲು ಬಿಟ್ಟಿದ್ದಾನೆ. ಎರಡು ತಿಂಗಳ ಹಿಂದೆ ಆ ಗಂಡಸು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದ. "ಚೆನ್ನಾಗಿದೀರಾ ಅಣ್ಣ?" ಅಂದ, ಟೀ ಕುಡಿಸೋಕೆ ಬಂದ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಆ ಊರಿಗೆ ಹೋಗ್ತಿದ್ದೀನಿ. ಮೊದಲು ಅವರ ಹತ್ತಿರ ತಪ್ಪಾಯ್ತು ಅಂತ ಹೇಳಬೇಕು. ಮತ್ತೆ ದೂರು ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು, ಅವರು ಒಪ್ಪದಿದ್ರೆ ಒತ್ತಾಯ ಮಾಡಲ್ಲ. ಒಪ್ಪಿದ್ರೆ ಅವತ್ತೇ ಎಸಿ ಆಫೀಸಿಗೆ. ಈ ಸಲ ಫೋಟೊ ಹಾಕಲ್ಲ. ಆರು ತಿಂಗಳ ರಾಗಿ, ಅಕ್ಕಿ, ಹುಡುಗನ ಸ್ಕೂಲ್ ಫೀಸು, ಇಷ್ಟನ್ನ ಹೊಂದಿಸಿಕೊಂಡೇ ಹೋಗಬೇಕು ಅಂದ್ಕೊಂಡಿದ್ದೀನಿ. ಕೇಸು ನೋಡಿಕೊಳ್ಳೋ ವಕೀಲರು, ಜೊತೆಗೆ ಬರೋರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಅವತ್ತು ಕೇಸು ಜಗ್ಗಬೇಡ ಅಂದ ಹಿರಿಯರೂ ಈ ಪೋಸ್ಟ್ ಓದ್ತಾರೆ, ನನಗೆ ಗೊತ್ತು. ನೀವೂ ಬನ್ನಿ ಅಣ್ಣ.