ಹಪ್ಪಳ ಕಾಯುವ ರಜೆ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ವರ್ಷವರ್ಷವೂ ಒಂದೇ ತಕರಾರು: ಸಮುದ್ರವೋ, ಬೆಟ್ಟವೋ? ಉತ್ತರ ಕನ್ನಡದ ದೊಡ್ಡ ಗುಣವೆಂದರೆ, ಈ ಜಗಳಕ್ಕೆ ಅದು ಜಾಗವನ್ನೇ ಇಟ್ಟಿಲ್ಲ. ಘಟ್ಟದ ಮೇಲಿನ ಶಿರಸಿಗೂ ಕೆಳಗಿನ ಕುಮಟೆಗೂ ಸುಮಾರು 60 ಕಿಲೋಮೀಟರ್. ಮೇಲೆ ತಿಂದ ದೋಸೆ ದೇವಿಮನೆ ಘಾಟಿಯ ತಿರುವುಗಳನ್ನು ತಡೆದುಕೊಂಡರೆ, ಊಟದ ಹೊತ್ತಿಗೆ ಸಮುದ್ರದೆದುರು ಕೂತು ಬೆವರು ಒರೆಸಿಕೊಳ್ಳಬಹುದು.

ರಸ್ತೆಗಿಂತ ಮೊದಲೇ ಈ ಎರಡನ್ನೂ ಬೆಸೆದದ್ದು ಅಘನಾಶಿನಿ. ಶಿರಸಿಯ ಶಂಕರಹೊಂಡದಿಂದ ಒಂದು ಎಳೆ, ಮಂಜುಗುಣಿಯಿಂದ ಇನ್ನೊಂದು ಎಳೆ. ಎರಡೂ ಕೂಡಿ ಹೊಳೆಯಾಗಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟಿಗೆ ಸಿಕ್ಕಿಬೀಳದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅವಸರದವರು ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿ, ಯಾಣಕ್ಕೂ ಓಡಿ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಫೋಟೊ ತೆಗೆಸಿಕೊಂಡು, ಕತ್ತು ನೋವಿನೊಂದಿಗೆ ರಾತ್ರಿ ಬಸ್ಸು ಹತ್ತುತ್ತಾರೆ. ಸೋಮವಾರ ಆಫೀಸಿನಲ್ಲಿ ಅವರಿಗೆ ವಿಶ್ರಾಂತಿ!

ಹೊಳೆ ಸಮುದ್ರಕ್ಕೆ ಸೇರುವಲ್ಲಿ ಕೈಗಡಿಯಾರಕ್ಕೆ ಅಷ್ಟು ಬೆಲೆ ಇಲ್ಲ. ಅಲ್ಲಿ ಹೊತ್ತು ಹೇಳುವುದು ಭರತ, ಇಳಿತ. ಇಂದಿನ ಇಳಿತಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಊರಿನ ದಿನಚರಿಯೂ ಅದರ ಹಿಂದೆಯೇ ಸರಿಯುತ್ತದೆ. ನೀರು ತಗ್ಗಿದ್ದೇ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಬುಟ್ಟಿ ಹಿಡಿದು ಇಳಿಯುತ್ತಾರೆ. ಕೆಸರೊಳಗೆ ಕೈಯಾಡಿಸಿ, ಬೆರಳಿಗೆ ತಾಗಿದ್ದು ಕಲ್ಲೋ ಚಿಪ್ಪೋ ಎಂದು ನೋಡದೆಯೇ ತಿಳಿಯುತ್ತಾರೆ. “ಎಷ್ಟು ಹೊತ್ತು ಹೆಕ್ತೀರಿ?” ಎಂದು ದಡದಲ್ಲಿದ್ದ ಒಬ್ಬರನ್ನು ಕೇಳಿದೆ. “ನೀರು ಸಾಕು ಅನ್ನೋವರೆಗೆ ಮಾರಾಯ್ರೆ” ಎಂದರು.

ಅಲ್ಲಿಂದ ಅಷ್ಟೇನೂ ದೂರವಲ್ಲದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳು. ಕಟ್ಟೆ ಕಟ್ಟಿದ ಪಾತಿಗಳಿಗೆ ಉಪ್ಪುನೀರು ಬಿಟ್ಟು, ಉಳಿದ ಕೆಲಸವನ್ನು ಸೂರ್ಯನಿಗೆ ಒಪ್ಪಿಸಿರುತ್ತಾರೆ. ಪಾತಿಯ ಅಂಚಿನಲ್ಲಿ ಬಗ್ಗಿ ನೋಡಿದರೆ ನೀರಿನ ಮೇಲೆ ತೆಳ್ಳಗೆ ಕೆನೆ ಕಟ್ಟಿದಂತೆ ಹರಳು ಕೂಡಿಕೊಳ್ಳುವುದು ಕಾಣುತ್ತದೆ. ಮೊದಲ ದೊಡ್ಡ ಮಳೆ ಬಿತ್ತೆಂದರೆ ಆ ವರ್ಷದ ಉಪ್ಪು ಮುಗಿಯಿತು. ಹಾಗಾಗಿ ಅಲ್ಲಿ ಎಲ್ಲರಿಗೂ ಆಗಾಗ ಮೇಲೆ ನೋಡುವ ಅಭ್ಯಾಸ.

ಘಟ್ಟ ಹತ್ತಿ ಶಿರಸಿ ಕಡೆಯ ಅತ್ತೆಮನೆಗೆ ಬಂದರೆ ಅಲ್ಲಿಯೂ ಅದೇ ಆಕಾಶ, ಅದೇ ಕಾವಲು. ಮೇ ತಿಂಗಳಲ್ಲಿ ಇಡೀ ಜಿಲ್ಲೆ ಮಳೆಗಾಲಕ್ಕೆಂದು ಏನನ್ನಾದರೂ ಬಿಸಿಲಿಗೆ ಹರವಿ ಕೂತಿರುತ್ತದೆ: ಕೆಳಗೆ ಉಪ್ಪು, ಒಣಮೀನು, ಮೇಲೆ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ. ಅತ್ತೆ ಬಲಿತ ಹಲಸಿನಕಾಯಿಯ ಸೊಳೆ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಿನಲ್ಲಿ ಕುಟ್ಟಿ, ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಒತ್ತಿದ್ದನ್ನು ಅಂಗಳದ ಅಟ್ಟದ ಮೇಲಿನ ಚಾಪೆಗೆ ಹಾಕುವುದು ಮಕ್ಕಳ ಪಾಲು. ನೆಂಟನಾದ ನನಗೆ ಒಂದು ಉದ್ದ ಕೋಲು ಕೊಟ್ಟು, “ತಮಾ, ಕಾಕೆ ಬಂತು ನೋಡು” ಎಂದರೆ ಅಲ್ಲಿಗೆ ಸಂಜೆಯವರೆಗಿನ ನನ್ನ ಉದ್ಯೋಗ ಖಾಯಂ.

ಈ ಉದ್ಯೋಗದ ಸುಖವನ್ನು ತಿಳಿಯದವರಿಗೆ ಹೇಳುವುದು ಕಷ್ಟ. ಪೂರ್ತಿ ಕೆಲಸವಿಲ್ಲದಿದ್ದರೆ ಮನಸ್ಸು ಊರಿನ ಲೆಕ್ಕಪತ್ರವನ್ನೆಲ್ಲ ತೆಗೆದು ಮುಂದೆ ಹರಡಿಕೊಳ್ಳುತ್ತದೆ. ಕೆಲಸ ದೊಡ್ಡದಾದರೆ ರಜೆಯೇ ಅಲ್ಲ. ಕಾಗೆ ಕಾಯುವುದು ಸರಿಯಾದ ಅಳತೆಯದು. ಪುಸ್ತಕ ಹಿಡಿದರೆ ಕಾಗೆಗೆ ಗೊತ್ತಾಗುತ್ತದೆ, ಫೋನು ಹಿಡಿದರೆ ಇನ್ನೂ ಬೇಗ. ಹೀಗಾಗಿ ಬೇರೆ ದಾರಿಯಿಲ್ಲದೆ ತೋಟ, ಗುಡ್ಡ, ಮೋಡ ನೋಡುತ್ತಲೇ ಕೂರಬೇಕು. ಕೂಲಿಯೂ ಉಂಟು: ಅತ್ತೆ ಒಳಗೆ ಹೋದಾಗ ಅಂಚು ಒಣಗಿ ನಡು ಇನ್ನೂ ಮೆತ್ತಗಿರುವ ಹಪ್ಪಳವೊಂದನ್ನು ಮಡಿಸಿ ಬಾಯಿಗಿಡಬಹುದು. ಕರಿದ ಹಪ್ಪಳದ ರುಚಿಯನ್ನು ಎಲ್ಲರೂ ಬಲ್ಲರು. ಈ ಅರೆಒಣಗಿದ್ದರ ಹಲಸಿನ ಪರಿಮಳ, ಹಲ್ಲಿಗೆ ಅಂಟಿಕೊಳ್ಳುವ ಖಾರ, ಕಾವಲುಗಾರರಿಗಷ್ಟೇ ಮೀಸಲು. ಸಂಜೆ ಲೆಕ್ಕದಲ್ಲಿ ಕಡಿಮೆ ಬಂದರೆ ಕಾಗೆಯ ಹೆಸರು ಇದ್ದೇ ಇದೆ.

ಆಳಿನಂತೆ ದುಡಿಯುವವರ ಪಕ್ಕದಲ್ಲಿ ಕೂತು ನೆಮ್ಮದಿಯ ಮಾತಾಡುವುದು ಸುಲಭವೆಂದು ನನಗೂ ಗೊತ್ತು. ಬಳಚು ಹೆಕ್ಕುವವರಿಗೆ, ಉಪ್ಪು ಎಳೆಯುವವರಿಗೆ ಅದು ಹೊಟ್ಟೆಪಾಡು. ಅತ್ತೆಗೂ ಸೊಂಟನೋವು ಬಿಟ್ಟಿಲ್ಲ. ಆದರೂ ನೀರು, ಬಿಸಿಲು ಹೇಳಿದ ಹೊತ್ತಿಗೆ ನಡೆಯುವ ಊರಿನಲ್ಲಿ ನೆಂಟನಿಗೂ ಒಂದು ಸಣ್ಣ ಜಾಗ ಸಿಕ್ಕಿದರೆ ತಲೆ ತಾನಾಗಿಯೇ ಹಗುರಾಗುತ್ತದೆ. ರಜೆಗೆ ರೂಮು ಹುಡುಕುವವರು ಸಮುದ್ರ ಕಾಣುತ್ತದೆಯೇ, ಬೆಟ್ಟ ಕಾಣುತ್ತದೆಯೇ ಎಂದು ವಿಚಾರಿಸುತ್ತಾರೆ. ಅಂಗಳದಲ್ಲಿ ಏನಾದರೂ ಒಣಹಾಕಿದ್ದಾರೆಯೇ ಎಂದೂ ಒಂದು ಮಾತು ಕೇಳಿಡುವುದು ಒಳ್ಳೆಯದು.